ಹದಿನಾಲ್ಕು ಕಡಿಮೆ

ಮಾರ್ಚ್ 3, ಸೋಮವಾರ

ಲ್ಯಾಬ್ ನೋಟ್‌ಬುಕ್ಕಿನಲ್ಲಿ ಯಾರನ್ನೂ ಬೈಯುವ ಹಾಗಿಲ್ಲ. ಪುಟಪುಟಕ್ಕೂ ನಂಬರು, ಕೆಳಗೆ ಸಹಿ. ಹರಿಯುವಂತಿಲ್ಲ, ಗೀಚುವಂತಿಲ್ಲ, ಎಲ್ಲವೂ ಇಂಗ್ಲಿಷಿನಲ್ಲೇ ಇರಬೇಕು. ಅದಕ್ಕೇ ಮಗಳ ಹಳೆಯ ಡೈರಿಯೊಂದನ್ನು ಕೇಳಿ ತೆಗೆದುಕೊಂಡೆ. ಮೊದಲ ನಾಲ್ಕು ಪುಟ ಬೆಕ್ಕಿನ ಚಿತ್ರಗಳು. ಐದನೆಯದರಿಂದ ನನ್ನದು. ಓದಿದ್ದೆಲ್ಲ ಇಂಗ್ಲಿಷಿನಲ್ಲಾದರೂ ಸಿಟ್ಟು ಮಾತ್ರ ನನಗೆ ಕನ್ನಡದಲ್ಲೇ ಬರುತ್ತದೆ.

ಬೆಳಿಗ್ಗೆ ಸಂಶೋಧನಾ ಪತ್ರಿಕೆಯ ಸಂಪಾದಕರಿಂದ ಪತ್ರ ಬಂತು. ಎರಡು ವರ್ಷದ ಹಿಂದೆ ನಾವು ಪ್ರಕಟಿಸಿದ ಲೇಖನದ ವಿಚಾರ. ನಮ್ಮ ಸೈಕಲ್ ಸ್ಟ್ಯಾಂಡಿನ ಹಿಂದಿನ ಮಣ್ಣಿನಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯ (ಪಟ್ಟಿಯಲ್ಲಿ ಎಪ್ಪತ್ತೊಂದನೆಯದು, ಹೆಸರೂ ಅದೇ ಆಗಿಹೋಗಿದೆ) ಹೊಸದೊಂದು ಆಂಟಿಬಯಾಟಿಕ್ ತಯಾರಿಸುತ್ತದೆ. ಬೇರೆ ಔಷಧಿಗಳಿಗೆ ಜಗ್ಗದ ಆಸ್ಪತ್ರೆಯ ರೋಗಾಣುಗಳನ್ನು ಅದು ಕೊಲ್ಲುತ್ತದೆ. ನನ್ನ ಹನ್ನೊಂದು ವರ್ಷದ ಕೆಲಸ. ಈಗ ಇನ್ನೊಂದು ಲ್ಯಾಬಿನವರು ದೂರು ಕೊಟ್ಟಿದ್ದಾರೆ. ನಾವೇ ಕಳಿಸಿದ ಎಪ್ಪತ್ತೊಂದನ್ನು, ನಾವು ಬರೆದ ವಿಧಾನದಲ್ಲೇ ಮೂರು ಸಲ ಬೆಳೆಸಿದರಂತೆ. ಚೆನ್ನಾಗಿ ಬೆಳೆಯಿತಂತೆ. ಆದರೆ ಅದರ ರಸ ಒಂದೇ ಒಂದು ರೋಗಾಣುವನ್ನೂ ಕೊಲ್ಲಲಿಲ್ಲವಂತೆ. ಏಪ್ರಿಲ್ ಹದಿನಾಲ್ಕರೊಳಗೆ ನಾವು ಮತ್ತೆ ಮಾಡಿ ತೋರಿಸಬೇಕು. ಇಲ್ಲದಿದ್ದರೆ ಲೇಖನವನ್ನು ಹಿಂತೆಗೆದುಕೊಳ್ಳಬೇಕು. ಹಿಂತೆಗೆದುಕೊಂಡ ಲೇಖನ ಎಂದರೆ ಜನ ಓದುವುದು ಸುಳ್ಳು ಲೇಖನ ಎಂದು.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ, "ಅವರಿಗೆ ಮಾಡೋಕೆ ಬರಲ್ಲ, ಅಷ್ಟೇ."

"ಇರಬಹುದು" ಎಂದ. ದಂತವೈದ್ಯ. "ನನ್ನ ಹತ್ರ ಬರೋರೆಲ್ಲ ಹೇಳೋದೂ ಅದೇ. ನಾನು ಸರಿಯಾಗೇ ಉಜ್ಜೋದು ಡಾಕ್ಟ್ರೇ, ಬ್ರಶ್ಶೇ ಸರಿ ಇಲ್ಲ ಅಂತ."

ಇವನ ಜೊತೆ ಮಾತಾಡಬಾರದು.

ಮಾರ್ಚ್ 5, ಬುಧವಾರ

ಡಿಸೆಂಬರಿನಲ್ಲಿ ತೆಗೆದಿಟ್ಟ ರಸ ಫ್ರೀಜರಿನಲ್ಲಿ ಒಂದು ಚೂರು ಉಳಿದಿತ್ತು. ರೋಗಾಣು ಹರಡಿದ ಪ್ಲೇಟಿನ ನಡುವೆ ಮೊನ್ನೆ ಒಂದು ಹನಿ ಬಿಟ್ಟಿದ್ದೆ. ಸುತ್ತ ಇಪ್ಪತ್ತು ಮಿಲಿಮೀಟರ್ ಸ್ವಚ್ಛ ವೃತ್ತ, ಕಿಟಕಿ ಒರೆಸಿದ ಹಾಗೆ. ಅಂದರೆ ನಾವು ಸುಳ್ಳು ಹೇಳಿಲ್ಲ. ನನಗೇ ಒಮ್ಮೆ ಅನುಮಾನ ಬಂದಿತ್ತು ಎಂಬುದನ್ನು ಇಲ್ಲಿ ಮಾತ್ರ ಬರೆಯುತ್ತೇನೆ.

ಆದರೆ ನಮ್ಮಲ್ಲಿ ಶಿಸ್ತಿಲ್ಲ. ಅದು ನಿಜ. ಬ್ಯಾಕ್ಟೀರಿಯಾಕ್ಕೆ ಬೇಕಾದ ಪೋಷಕ ದ್ರವವನ್ನು, ಮೀಡಿಯಾ ಅನ್ನುತ್ತೇವೆ, ತಯಾರಿಸುವವಳು ಕುಕ್ಕರಕ್ಕ. ಗಾಜು ತೊಳೆಯುವುದು, ಸಕ್ಕರೆ ಲವಣ ತೂಗಿ ನೀರಿಗೆ ಬೆರೆಸುವುದು, ಆಟೋಕ್ಲೇವಿನಲ್ಲಿ ಬೇಯಿಸುವುದು ಅವಳ ಕೆಲಸ. ಆಟೋಕ್ಲೇವ್ ಎಂದರೆ ಆಳುದ್ದದ ಪ್ರೆಶರ್ ಕುಕ್ಕರ್. ಆ ಹೆಸರು ಅಲ್ಲಿಂದ ಬಂದದ್ದು. ಕೆಲಸ ಚುರುಕು, ಬರೆದಿಡುವ ಅಭ್ಯಾಸ ಸೊನ್ನೆ. ಇವತ್ತು ಇಪ್ಪತ್ತೆರಡು ಚೌಕಗಳ ಒಂದು ಹಾಳೆ ಮಾಡಿ ತೊಳೆಯುವ ಕೋಣೆಯ ಗೋಡೆಗೆ ಅಂಟಿಸಿದೆ. ಇಷ್ಟು ಗ್ರಾಂ ಸಕ್ಕರೆ, ಟಿಕ್. ಡಿಸ್ಟಿಲ್ಡ್ ವಾಟರ್ ಇಪ್ಪತ್ತು ಲೀಟರ್, ಟಿಕ್. ನೂರಿಪ್ಪತ್ತೊಂದು ಡಿಗ್ರಿ, ಹದಿನೈದು ನಿಮಿಷ, ಪಕ್ಕದಲ್ಲೇ ನಿಂತಿದ್ದೆ, ಟಿಕ್.

ಅವಳು ಕೈ ಒರೆಸಿಕೊಳ್ಳುತ್ತ ಓದಿದಳು. "ಇಷ್ಟು ವರ್ಷ ಟಿಕ್ ಹಾಕದೇನೇ ಬೆಳೀತಿತ್ತಲ್ಲ ಮೇಡಂ."

"ಇನ್ಮೇಲೆ ಹಾಕಿ."

"ಎಲ್ಲಾ ಇದರಲ್ಲಿ ಇರೋ ಹಾಗೇ ಮಾಡಬೇಕಾ?"

"ಅಕ್ಷರಶಃ."

"ಸರಿ. ಆಮೇಲೆ ನನ್ನ ಅನ್ನಬಾರದು" ಎಂದು ನಕ್ಕಳು. ಉಡಾಫೆ.

ಮಾರ್ಚ್ 17, ಸೋಮವಾರ

ಶಿಸ್ತಿನ ಮೊದಲ ಬೆಳೆ. ಇಪ್ಪತ್ತೆರಡು ಚೌಕಕ್ಕೂ ಟಿಕ್. ಎಪ್ಪತ್ತೊಂದು ಯಾವತ್ತೂ ಇಷ್ಟು ಸೊಂಪಾಗಿ ಬೆಳೆದಿರಲಿಲ್ಲ. ಫ್ಲಾಸ್ಕಿನ ಮುಚ್ಚಳ ತೆಗೆದರೆ ಕೋಣೆ ತುಂಬ ಅಗೆದ ಮಣ್ಣಿನ ವಾಸನೆ.

ವೃತ್ತ: ಸೊನ್ನೆ.

ರೋಗಾಣುಗಳು ಹನಿಯ ಅಂಚಿನವರೆಗೂ ಬಂದು ನಿಂತಿದ್ದವು, ಇಣುಕಿ ನೋಡುವವರ ಹಾಗೆ. ಮೂರು ಸಲ ಮಾಡಿದೆ. ಸೊನ್ನೆ, ಸೊನ್ನೆ, ಸೊನ್ನೆ.

ನನ್ನ ಸಂಶೋಧನಾ ವಿದ್ಯಾರ್ಥಿನಿ ಏನೋ ಅಂದಳು. ಅವಳಿಗೆ ಲ್ಯಾಬಿನವರೆಲ್ಲ ಸೇರಿ ಇಟ್ಟಿರುವ ಹೆಸರು ಪಿಸುಮಾತು. "ಏನು?" ಎಂದೆ. ಮತ್ತೆ ಅಂದಳು. "ಗಟ್ಟಿಯಾಗಿ ಹೇಳಮ್ಮ, ನಾನೇನು ಕಚ್ಚಲ್ಲ" ಎಂದು ಕಿರುಚಿದೆ. ಕಿರುಚಿದರೆ ಯಾರು ನಂಬುತ್ತಾರೆ?

ಮಾರ್ಚ್ 18, ಮಂಗಳವಾರ

ಕಾರಣ ಸಿಕ್ಕಿತು. ಹೋದ ವಾರ ಆಟೋಕ್ಲೇವ್ ನಡೆಯುತ್ತಿದ್ದ ಹದಿನೈದು ನಿಮಿಷ ಕುಕ್ಕರಕ್ಕ ಪಕ್ಕದಲ್ಲಿ ನಿಂತಿರಲಿಲ್ಲ. ಕಾರಿಡಾರಿನಲ್ಲಿ ಟೀ ಕುಡಿಯುತ್ತ ನಿಂತಿದ್ದಳೆಂದು ಎದುರು ಲ್ಯಾಬಿನವರು ಹೇಳಿದರು. ಹಾಳೆಯಲ್ಲಿ ಮಾತ್ರ ಟಿಕ್ ಇದೆ!

ಕೇಳಿದೆ. "ಅಲ್ಲಿಂದ್ಲೂ ಕಾಣತ್ತೆ ಮೇಡಂ, ಮುಳ್ಳು ಇಷ್ಟು ದೊಡ್ಡದಿದೆ. ನಾನು ನಿಂತ್ಕೊಂಡು ದುರುಗುಟ್ಟಿದ್ರೆ ಜಾಸ್ತಿ ಬೇಯತ್ತಾ?"

ಆಫೀಸಿಗೆ ಪತ್ರ ಬರೆದೆ. ಸೂಚನೆ ಪಾಲಿಸುತ್ತಿಲ್ಲ, ತಪ್ಪು ದಾಖಲೆ, ಬೇರೆ ಸಹಾಯಕರನ್ನು ಕೊಡಿ. ಐದೇ ಸಾಲು. ಮುಚ್ಚಿದ ಲಕೋಟೆಯನ್ನು ಅರ್ಧ ಗಂಟೆ ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ನ್ಯಾಯವಾಗಿ ನಡೆದುಕೊಂಡೆನೆ? ನಡೆದುಕೊಂಡೆ ಅನ್ನಿಸುತ್ತದೆ. ಟಿಕ್ ಎಂದರೆ ಸಹಿ ಇದ್ದ ಹಾಗೆ. ಕೊಟ್ಟುಬಿಟ್ಟೆ.

ಮಾರ್ಚ್ 19, ಬುಧವಾರ

ಮಗಳು ತನ್ನ ಕಪಾಟಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದಾಳೆ. ಸಾಕ್ಸ್, ಟಿಕ್. ಉಸಿರಾಟ, ಟಿಕ್. ಅಮ್ಮ ಬೈದಳು, ಟಿಕ್, ಟಿಕ್, ಟಿಕ್.

ಅವರಪ್ಪ ಅದಕ್ಕೆ ಸಹಿ ಬೇರೆ ಹಾಕಿದ್ದಾನೆ.

ಮಾರ್ಚ್ 21, ಶುಕ್ರವಾರ

ಈ ಸಲ ಎಲ್ಲ ನನ್ನ ಕೈಯಿಂದಲೇ. ಫ್ಲಾಸ್ಕ್ ತೊಳೆದೆ, ತೂಗಿದೆ, ಡಿಸ್ಟಿಲ್ಡ್ ವಾಟರ್ ಹಿಡಿದು ತಂದೆ. ಎರಡೇ ಲೀಟರ್ ಮಾಡಿದ್ದು, ಸಾಕು. ಆಟೋಕ್ಲೇವಿನ ಪಕ್ಕ ಹದಿನೈದು ನಿಮಿಷ ನಿಂತೆ. ಅಲ್ಲಿ ಎಷ್ಟು ಸೆಖೆ ಎಂದು ಗೊತ್ತಿರಲಿಲ್ಲ. ಕನ್ನಡಕ ಮಂಜಾಗಿ ಮುಳ್ಳೇ ಕಾಣಲಿಲ್ಲ.

ಕುಕ್ಕರಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ಪತ್ರದ ವಿಷಯ ಗೊತ್ತಾಗಿದೆ. ಒಂದು ಒಣಬಟ್ಟೆ ತಂದು ಕೈಗೆ ಕೊಟ್ಟು ಹೋದಳು.

ಮಾರ್ಚ್ 28, ಶುಕ್ರವಾರ

ಸೊನ್ನೆ.

ಎಪ್ಪತ್ತೊಂದನ್ನು ಮುಂದಿನ ಬೆಳೆಗೆ ಬೀಜವಾಗಿ ಎತ್ತಿಟ್ಟಿರುವ ಹಳೆಯ ಟ್ಯೂಬುಗಳನ್ನು ತೊಳೆದದ್ದು ಅವಳೇ. ಅಲ್ಲೇ ಏನೋ ಆಗಿರಬೇಕು. ಬರೆದಾದ ಮೇಲೆ ಈ ವಾಕ್ಯ ಓದಿದೆ. ಇದನ್ನು ನನ್ನ ವಿದ್ಯಾರ್ಥಿ ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ. ಇರಲಿ.

ಏಪ್ರಿಲ್ 1, ಮಂಗಳವಾರ

ಇನ್ನು ಹದಿಮೂರು ದಿನ.

ನಾನು ವೃತ್ತ ಅಳೆಯುತ್ತ ಕೂತಿದ್ದಾಗ ಪಿಸುಮಾತು ನನ್ನನ್ನು ಕೇಳದೆಯೇ ಆ ಸತ್ತ ರಸವನ್ನು ಮಾಸ್ ಸ್ಪೆಕ್ಟ್ರೋಮೀಟರಿಗೆ ಹಾಕಿದ್ದಾಳೆ. ಅದು ಅಣುಗಳ ತಕ್ಕಡಿ. ನಮ್ಮ ಆಂಟಿಬಯಾಟಿಕ್ಕಿನ ತೂಕ ಅಲ್ಲಿ ಬಂದಿರಲಿಲ್ಲ. ಅದಕ್ಕೆ ಸರಿಯಾಗಿ ಹದಿನಾಲ್ಕು ಕಡಿಮೆ ಇರುವ ಒಂದು ಗೆರೆ ನೆಟ್ಟಗೆ ನಿಂತಿತ್ತು.

"ಹದಿನಾಲ್ಕು" ಎಂದಳು. ಇದು ಮಾತ್ರ ಕೇಳಿಸಿತು.

ಒಂದು ಹೈಡ್ರೋಜನ್ ಇರುವ ಕಡೆ ಒಂದು ಕಾರ್ಬನ್, ಮೂರು ಹೈಡ್ರೋಜನ್ ಕೂರಿಸಿದರೆ ತೂಕ ಹದಿನಾಲ್ಕು ಹೆಚ್ಚುತ್ತದೆ. ಮಿಥೈಲ್ ಗುಂಪು. ಎಪ್ಪತ್ತೊಂದು ತನ್ನ ಔಷಧಿಯನ್ನು ಒಂಬತ್ತು ಕಿಣ್ವಗಳ ಸಾಲಿನಲ್ಲಿ ಕಟ್ಟುತ್ತದೆ. ಒಂದು ಕಿಣ್ವ ಒಂದು ತುಂಡು ಜೋಡಿಸಿ ಮುಂದಿನದರ ಕೈಗೆ ಕೊಡುತ್ತದೆ, ಎಂಟನೆಯದು ಸರಪಳಿಯನ್ನು ಬಗ್ಗಿಸಿ ಉಂಗುರ ಮಾಡುತ್ತದೆ, ಒಂಬತ್ತನೆಯದು ಆ ಉಂಗುರದ ಮೇಲೆ ಮಿಥೈಲ್ ಇಡುತ್ತದೆ. ಅದಿಲ್ಲದಿದ್ದರೆ ಉಂಗುರ ರೋಗಾಣುವಿನೊಳಗೆ ತಾನು ಕೂರಬೇಕಾದ ಜಾಗದಲ್ಲಿ ಕೂರುವುದಿಲ್ಲ. ಅಂದರೆ ನಮ್ಮ ಬ್ಯಾಕ್ಟೀರಿಯ ಕೆಲಸ ನಿಲ್ಲಿಸಿಯೇ ಇಲ್ಲ. ಒಂಬತ್ತರಲ್ಲಿ ಎಂಟು ಹೆಜ್ಜೆ ಮುಗಿಸಿ ನಿಂತುಬಿಟ್ಟಿದೆ. ಯಾಕೆ?

ಒಂಬತ್ತನೆಯ ಕಿಣ್ವದ ಜೀನ್ ಕೆಟ್ಟಿದೆಯೇ ಎಂದು ನೋಡಲು ಹೇಳಿದೆ. ನಿನ್ನೆಯೇ ಶುರು ಮಾಡಿದ್ದಾಳಂತೆ.

ಕುಕ್ಕರಕ್ಕನ ವರ್ಗಾವಣೆ ಆದೇಶವೂ ಬಂತು. ಏಳನೇ ತಾರೀಖಿನಿಂದ ಆವರಣದ ಆ ತುದಿಯ ಉಗ್ರಾಣಕ್ಕೆ. ಇಷ್ಟು ಬೇಗ ಆಗುತ್ತದೆಂದು ಅಂದುಕೊಂಡಿರಲಿಲ್ಲ.

ಏಪ್ರಿಲ್ 3, ಗುರುವಾರ

ಜೀನ್ ಸರಿಯಾಗಿದೆ. ಒಂದು ಅಕ್ಷರವೂ ಬದಲಾಗಿಲ್ಲ. ಯಂತ್ರ ಇದೆ, ಓಡುತ್ತಿಲ್ಲ.

ಮಧ್ಯಾಹ್ನ ತೊಳೆಯುವ ಕೋಣೆಗೆ ಹೋದೆ. ಕುಕ್ಕರಕ್ಕ ತನ್ನ ಕೈಗವಸು, ಲೋಟ, ಒಂದು ಕನ್ನಡಿ ಎಲ್ಲ ಚೀಲಕ್ಕೆ ತುಂಬುತ್ತಿದ್ದಳು. ನನ್ನ ಹಾಳೆ ಅಂಟಿಸುವುದಕ್ಕೆ ಮೊದಲು ಮೀಡಿಯಾ ಹೇಗೆ ಮಾಡುತ್ತಿದ್ದಿರಿ, ಒಂದೊಂದಾಗಿ ಹೇಳಿ ಎಂದೆ.

"ಯಾಕೆ? ಇನ್ನೊಂದು ಪತ್ರ ಬರೀಬೇಕಾ?"

"ಬರೆಯಲ್ಲ."

"ಬರೆದ್ರೆ ಬರೀರಿ. ಉಗ್ರಾಣದಿಂದ ಮುಂದೆ ಕಳಿಸೋಕೆ ಜಾಗ ಇಲ್ಲ." ಚೀಲ ಕೆಳಗಿಟ್ಟು ಸಿಂಕುಗಳ ಹಿಂದಿನ ಮೂಲೆಗೆ ಕರೆದುಕೊಂಡು ಹೋದಳು. ಅಲ್ಲೊಂದು ನಲ್ಲಿ. ಹಳೆಯ ಕೊಳವೆಬಾವಿಯ ಲೈನಂತೆ, ನೆಲ ಒರೆಸಲು ಇಟ್ಟದ್ದು. ಹನ್ನೊಂದು ವರ್ಷದಲ್ಲಿ ಆ ಮೂಲೆಗೆ ನಾನು ಹೋಗಿಯೇ ಇರಲಿಲ್ಲ.

"ಇದರಿಂದ."

"ಏನು ಇದರಿಂದ?"

"ನೀರು. ಇನ್ನೇನು?"

ನನ್ನ ಬಾಯಿಂದ ಹೊರಟದ್ದು ಒಳ್ಳೆಯ ಮಾತಲ್ಲ. ಡಿಸ್ಟಿಲ್ಡ್ ವಾಟರ್ ಎಂದು ಸ್ಪಷ್ಟವಾಗಿ ಬರೆದಿದೆ, ಜಗತ್ತೆಲ್ಲ ಓದುವ ಲೇಖನದಲ್ಲಿ ಬರೆದಿದೆ, ಅಂತೆಲ್ಲ ಕೂಗಾಡಿದೆ.

ಕುಕ್ಕರಕ್ಕ ನನ್ನ ಕೂಗಾಟ ಮುಗಿಯುವವರೆಗೂ ಕಾದರು. "ಆ ಡಿಸ್ಟಿಲ್ಡ್ ವಾಟರ್ ಯಂತ್ರ ದಿನಕ್ಕೆ ಎಷ್ಟು ಲೀಟರ್ ಕೊಡತ್ತೆ, ಗೊತ್ತಾ ಮೇಡಂ?"

ಗೊತ್ತಿರಲಿಲ್ಲ.

"ಹತ್ತು. ಮೂರು ಲ್ಯಾಬಿಗೂ ಸೇರಿ ಹತ್ತು. ನಿಮಗೊಬ್ಬರಿಗೇ ಸೋಮವಾರ ಬೆಳಿಗ್ಗೆ ಇಪ್ಪತ್ತು ಬೇಕು. ಮಿಕ್ಕಿದ್ದು ಎಲ್ಲಿಂದ ಬರತ್ತೆ ಅಂತ ಅಂದ್ಕೊಂಡಿದ್ರಿ? ಅಲ್ಲಿ ತೊಟತೊಟ ಅಂತ ಹಿಡಿಯೋಕೆ ನಿಂತ್ರೆ ನನ್ನ ಕೂದಲು ಹಣ್ಣಾಗತ್ತೆ. ಅದಕ್ಕೆ ಪೂರ್ತಿ ಇದರಲ್ಲೇ ಹಿಡೀತಿದ್ದೆ. ಹೇಗೂ ಬೇಯಿಸ್ತೀವಲ್ಲ."

"ಮತ್ತೆ ಹಾಳೆ ಅಂಟಿಸಿದ ಮೇಲೆ?"

"ಅಕ್ಷರಶಃ ಅಂದ್ರಲ್ಲ. ಶನಿವಾರ, ಭಾನುವಾರ ಎರಡು ದಿನವೂ ಬಂದು ಹಿಡಿದಿಟ್ಟೆ."

"ಆವಾಗಲೇ ಯಾಕೆ ಹೇಳಲಿಲ್ಲ?"

"ಡಿಸ್ಟಿಲ್ಡ್ ವಾಟರ್ ಹಾಕಿದ್ರಾ ಅಂತ ಕೇಳಿದ್ರಿ. ಹಾಕಿದೀನಿ ಅಂದೆ. ಮೊದಲು ಏನು ಹಾಕ್ತಿದ್ರಿ ಅಂತ ಯಾರೂ ಕೇಳಲಿಲ್ಲ. ಕೇಳದೇ ಇರೋವಾಗ ನಾನಾಗೇ ಬಂದು, ಇಷ್ಟು ವರ್ಷ ನಿಮಗೆ ನೆಲ ಒರೆಸೋ ನೀರು ಕೊಟ್ಟಿದೀನಿ ಅನ್ನಲಾ? ನನಗೇನು ಹುಚ್ಚಾ?"

ಅವರ ಚೀಲದ ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಬಾವಿಯ ನೀರು, ಕಲ್ಲಿನೊಳಗಿಂದ ಬರುವ ನೀರು, ಅದರಲ್ಲಿ ಡಿಸ್ಟಿಲ್ಡ್ ವಾಟರಿನಲ್ಲಿ ಇಲ್ಲದ ಲೋಹದ ಅಂಶ. ಒಂಬತ್ತನೆಯ ಕಿಣ್ವ ಕೆಲಸ ಮಾಡಲು ವಿಟಮಿನ್ ಬಿ12 ಬೇಕು. ಎಪ್ಪತ್ತೊಂದು ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆದರೆ ಬಿ12ರ ಹೊಟ್ಟೆಯಲ್ಲಿ ಕೂರುವ ಒಂದೇ ಒಂದು ಕೋಬಾಲ್ಟ್ ಪರಮಾಣುವನ್ನು ಹೊರಗಿನಿಂದಲೇ ತರಬೇಕು. ನಾನು ಬರೆದ ವಿಧಾನದಲ್ಲಿ ಕೋಬಾಲ್ಟ್ ಎಲ್ಲೂ ಇಲ್ಲ. ಇದ್ದದ್ದು ಆ ನಲ್ಲಿಯಲ್ಲಿ ಇರಬೇಕು.

ಹತ್ತು ಮತ್ತು ಇಪ್ಪತ್ತು. ಒಂದನೇ ಕ್ಲಾಸಿನ ಲೆಕ್ಕ.

ಏಪ್ರಿಲ್ 4, ಶುಕ್ರವಾರ

ಕುಕ್ಕರಕ್ಕನನ್ನೇ ಕೇಳಿಕೊಂಡೆ. ಅವರು ಒಪ್ಪಿದರು. ಮೂರು ಬಗೆ ಮೀಡಿಯಾ: ಡಿಸ್ಟಿಲ್ಡ್ ವಾಟರ್, ನಲ್ಲಿ ನೀರು, ಡಿಸ್ಟಿಲ್ಡ್ ವಾಟರಿಗೆ ಕಣ್ಣಿಗೆ ಕಾಣದಷ್ಟು ಕೋಬಾಲ್ಟ್ ಲವಣ. ಪ್ರತಿಯೊಂದಕ್ಕೂ ಮೂರು ಫ್ಲಾಸ್ಕ್. ಆಟೋಕ್ಲೇವ್ ನಡೆಯುವಾಗ ಇಬ್ಬರೂ ಕಾರಿಡಾರಿನಲ್ಲಿ ಟೀ ಕುಡಿದೆವು. ಮುಳ್ಳು ಅಲ್ಲಿಂದ ನಿಜವಾಗಿಯೂ ಚೆನ್ನಾಗಿ ಕಾಣುತ್ತದೆ.

ಏಳು ದಿನ ಕಾಯಬೇಕು. ಬ್ಯಾಕ್ಟೀರಿಯಾವನ್ನು ಗದರಿಸಿ ಪ್ರಯೋಜನವಿಲ್ಲ.

ಏಪ್ರಿಲ್ 8, ಮಂಗಳವಾರ

ದೂರು ವಾಪಸ್ ತೆಗೆದುಕೊಳ್ಳಲು ಆಫೀಸಿಗೆ ಹೋದೆ. ಆಗುವುದಿಲ್ಲವಂತೆ!

"ಕೊಟ್ಟಿದ್ದನ್ನ ವಾಪಸ್ ತಗೊಳೋಕೆ ಇದೇನು ಲೈಬ್ರರಿ ಪುಸ್ತಕಾನಾ ಮೇಡಂ?" ಎಂದರು ಸೂಪರಿಂಟೆಂಡೆಂಟರು. "ವಿಚಾರಣೆ ಮುಗಿಸಬಹುದು, ಅಷ್ಟೇ. ಈ ಫಾರಂ ತುಂಬಿ. ಇಲ್ಲಿ ಒಂದು ಕಾಲಂ ಇದೆ ನೋಡಿ, ತಪ್ಪು ಯಾರದು ಅಂತ. ಖಾಲಿ ಬಿಡೋ ಹಾಗಿಲ್ಲ."

"ತಪ್ಪೇ ಆಗಿಲ್ಲ ಅಂದ್ರೆ?"

"ಆಗದೇ ದೂರು ಹೇಗೆ ಕೊಟ್ರಿ?"

ಫಾರಂ ತೆಗೆದುಕೊಂಡು ಬಂದೆ.

ಏಪ್ರಿಲ್ 9, ಬುಧವಾರ

ತೊಳೆಯುವ ಕೋಣೆಗೆ ಬಂದಿರುವ ಹೊಸಬ ಎಲ್ಲ ಚೌಕಕ್ಕೂ ಬೆಳಿಗ್ಗೆಯೇ ಟಿಕ್ ಹಾಕಿ, ಆಮೇಲೆ ಕೆಲಸ ಶುರು ಮಾಡುತ್ತಾನೆ. ಹಾಳೆ ಕಿತ್ತುಹಾಕಿದೆ. ಗೋಡೆಯ ಬಣ್ಣವೂ ಕಿತ್ತು ಬಂತು.

ಏಪ್ರಿಲ್ 11, ಶುಕ್ರವಾರ

ಡಿಸ್ಟಿಲ್ಡ್ ವಾಟರ್: 0, 0, 0.
ನಲ್ಲಿ ನೀರು: 19, 20, 19.
ಕೋಬಾಲ್ಟ್: 23, 23, 24.

ತಕ್ಕಡಿಯಲ್ಲೂ ಹದಿನಾಲ್ಕು ಮರಳಿ ಬಂದಿದೆ. ಪಿಸುಮಾತು "ಬಂತೂ!" ಎಂದು ಎಷ್ಟು ಜೋರಾಗಿ ಕೂಗಿದಳೆಂದರೆ ಎದುರು ಲ್ಯಾಬಿನವರು ಬೆಂಕಿ ಬಿತ್ತೇನೋ ಎಂದು ಓಡಿ ಬಂದರು.

ನಾನೇ ಉಗ್ರಾಣಕ್ಕೆ ಹೋಗಿ ಹೇಳಿದೆ. ಅವರು ಪೊರಕೆಗಳನ್ನು ಎಣಿಸುತ್ತಿದ್ದರು. "ಅಂದ್ರೆ ಆ ನೀರಿಂದಲೇ ಆಗ್ತಿದ್ದಿದ್ದು?" ಎಂದು ಎರಡು ಸಲ ಕೇಳಿದರು. ಮೂರನೆಯ ಸಲ ಕೇಳಲಿಲ್ಲ. ಪೊರಕೆಯ ಲೆಕ್ಕ ತಪ್ಪಿತು, ಮೊದಲಿನಿಂದ ಎಣಿಸಿದರು. ಬಾಗಿಲು ದಾಟಿ ಬಂದ ಮೇಲೂ ಅವರು ನಗುವುದು ಕೇಳಿಸುತ್ತಿತ್ತು.

ಏಪ್ರಿಲ್ 13, ಭಾನುವಾರ

ಸಂಪಾದಕರಿಗೆ ಉತ್ತರ ಬರೆಯುತ್ತ ಬೆಳಿಗ್ಗೆಯಿಂದ ಕೂತಿದ್ದೇನೆ. ಮೊದಲು ಬರೆದದ್ದು: ನೀರಿನ ಮೂಲದಲ್ಲಿನ ಸೂಕ್ಷ್ಮ ಲೋಹಾಂಶಗಳ ವ್ಯತ್ಯಾಸದಿಂದ ಇಳುವರಿಯಲ್ಲಿ ಏರುಪೇರು ಗಮನಿಸಲಾಗಿದೆ. ಗಮನಿಸಿದವರು ಯಾರು, ಏರುಪೇರು ಮಾಡಿದವರು ಯಾರು, ಏನೂ ತಿಳಿಯುವುದಿಲ್ಲ. ಇಂಥ ವಾಕ್ಯಕ್ಕೆ ಶಾಲೆಯಲ್ಲಿ ನನಗೆ ಬಹುಮಾನ ಬಂದಿದೆ.

ಗಂಡ ಇಣುಕಿ ಓದಿದ. "ಇದರಲ್ಲಿ ನೀನು ಎಲ್ಲಿದ್ದೀಯಾ?"

"ಎಲ್ಲೂ ಇಲ್ಲ."

"ನನ್ನ ಪೇಶೆಂಟ್ ಯಾರಾದರೂ ‘ಹಲ್ಲು ಉಜ್ಜಲ್ಪಟ್ಟಿಲ್ಲ’ ಅಂದ್ರೆ ನಾನೇನು ಮಾಡಬೇಕು?"

ನಗು ಬಂತು, ಸಿಟ್ಟೂ ಬಂತು. ಅಳಿಸಿ ಮತ್ತೆ ಬರೆದೆ: ಡಿಸ್ಟಿಲ್ಡ್ ವಾಟರ್ ಬಳಸಿದೆವು ಎಂದು ಲೇಖನದಲ್ಲಿ ಬರೆದವಳು ನಾನು. ಬಳಸಿರಲಿಲ್ಲ. ಹನ್ನೊಂದು ವರ್ಷ ನಲ್ಲಿ ನೀರು ಬಳಸಿದ್ದೇವೆ. ಅದನ್ನು ನಾನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಆ ನೀರಿಲ್ಲದೆ ಒಂಬತ್ತನೆಯ ಕಿಣ್ವ ಕೆಲಸ ಮಾಡುವುದಿಲ್ಲ. ಕೋಬಾಲ್ಟ್ ಪ್ರಮಾಣ ಕೆಳಗೆ ಕೊಟ್ಟಿದ್ದೇನೆ, ದಯವಿಟ್ಟು ಪ್ರಯತ್ನಿಸಿ ನೋಡಿ.

ಶಾಲೆಯ ಟೀಚರು ಇದಕ್ಕೆ ಹತ್ತಕ್ಕೆ ಮೂರು ಕೊಡುತ್ತಿದ್ದರು. ಒಂದು ದಿನ ಮೊದಲೇ ಕಳಿಸಿಬಿಟ್ಟೆ.

ಏಪ್ರಿಲ್ 24, ಗುರುವಾರ

ಇನ್ನೊಂದು ಲ್ಯಾಬಿನ ಮುಖ್ಯಸ್ಥರೇ ನೇರವಾಗಿ ಬರೆದಿದ್ದಾರೆ. ಕೋಬಾಲ್ಟ್ ಹಾಕಿದರಂತೆ, ಇಪ್ಪತ್ತೆರಡು ಮಿಲಿಮೀಟರ್. ದೂರು ಹಿಂತೆಗೆದುಕೊಂಡಿದ್ದಾರೆ. (ಅವರ ಕಡೆ ಹಿಂತೆಗೆದುಕೊಳ್ಳಬಹುದು!) ಲೇಖನ ಉಳಿಯುತ್ತದೆ, ಜೊತೆಗೆ ತಿದ್ದುಪಡಿ ಅಚ್ಚಾಗುತ್ತದೆ. ಕೊನೆಗೊಂದು ಸಾಲು: ಈ ನೀರಿನ ವಿಚಾರ ಹೊಳೆದದ್ದು ಯಾರಿಗೆ?

ಉಗ್ರಾಣಕ್ಕೆ ಹೋಗಿ ಓದಿ ಹೇಳಿದೆ.

"ಹೊಳೆದಿದ್ದಲ್ಲ, ಸೋಮಾರಿತನ ಅಂತ ಬರೀರಿ" ಎಂದರು ಕುಕ್ಕರಕ್ಕ. ಲೆಕ್ಕದ ಪುಸ್ತಕ ಮುಚ್ಚಿಟ್ಟು, "ಅವರು ಇರೋದು ತುಂಬಾ ದೂರಾನಾ?" ಎಂದು ಕೇಳಿದರು.

ಏಪ್ರಿಲ್ 25, ಶುಕ್ರವಾರ

ಆಫೀಸಿನ ಫಾರಂ ತುಂಬಿದೆ. ತಪ್ಪು ಯಾರದು ಎಂಬಲ್ಲಿ ನನ್ನ ಹುದ್ದೆ ಬರೆದೆ. ಅದರ ಕೆಳಗೆ ದೂರಿಗೆ ಒಳಗಾದವರ ಸಹಿ ಬೇಕು, ಹಾಗಾಗಿ ಅವರನ್ನೂ ಕರೆದುಕೊಂಡು ಹೋದೆ. ಸಹಿ ಹಾಕುವ ಮೊದಲು ಕನ್ನಡಕ ಏರಿಸಿ ಪೂರ್ತಿ ಓದಿದರು.

"ಇಲ್ಲಿ ನೀವೊಬ್ಬರೇ ಇದ್ದೀರಲ್ಲ?"

"ತಪ್ಪು ನನ್ನದು ಅಕ್ಕ. ನೋಡದೆ ಬರೆದವಳು ನಾನು."

"ಬರೆದಿದ್ದು ನೀವು. ನೀರು ಹಿಡಿದಿದ್ದು?"

"ಅದನ್ನ ಬರೆದರೆ ನಿಮಗೆ ತೊಂದರೆ ಆಗತ್ತೆ."

"ಆಗಲಿ ಬಿಡಿ. ಹನ್ನೊಂದು ವರ್ಷ ಸೊಂಟ ಬಗ್ಗಿಸಿ ಹಿಡಿದಿದೀನಿ. ನೀವು ಬರೆದ ತಪ್ಪಿಂದ ಆ ಲ್ಯಾಬಿನವರಿಗೆ ಮೂರು ಸಲ ಕೆಲಸ ಕೆಟ್ಟಿತು. ನಾನು ಮಾಡಿದ ತಪ್ಪಿಂದ ಔಷಧಿ ಬಂತು. ಎರಡರಲ್ಲಿ ಒಳ್ಳೇ ತಪ್ಪು ಯಾವುದು ಹೇಳಿ? ಅದನ್ನೇ ಬಿಟ್ಟುಬಿಟ್ಟಿದ್ದೀರಲ್ಲ!"

ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ನನ್ನ ಹುದ್ದೆಯ ಪಕ್ಕದಲ್ಲಿ ಒತ್ತಿ ಒತ್ತಿ ತಮ್ಮ ಹುದ್ದೆ ಬರೆದರು. ಜಾಗ ಸಾಲದೆ ಅಂಚಿಗೂ ಹರಿಯಿತು.

ಸೂಪರಿಂಟೆಂಡೆಂಟರು ತಲೆ ಮೇಲೆ ಕೈ ಇಟ್ಟರು. "ಕಂಪ್ಯೂಟರಿನಲ್ಲಿ ಒಂದು ತಪ್ಪಿಗೆ ಒಬ್ಬರೇ ರೀ. ಯಾರಾದ್ರೂ ಒಬ್ಬರು ಹೆಸರು ತೆಗೀರಿ."

"ನಾನು ತೆಗೆಯಲ್ಲ" ಎಂದರು ಕುಕ್ಕರಕ್ಕ.

"ನಾನೂ ತೆಗೆಯಲ್ಲ" ಎಂದೆ.

"ಜನ ಇಲ್ಲಿಗೆ ಬಂದು, ನಂದಲ್ಲ ಸಾರ್ ನಂದಲ್ಲ ಅಂತ ಅಳ್ತಾರೆ. ನಿಮಗೇನು ಬಂದಿದೆ?"

ಇಬ್ಬರೂ ಕುರ್ಚಿ ಎಳೆದುಕೊಂಡು ಕೂತೆವು. ಅವರು ಕಂಪ್ಯೂಟರನ್ನು ನೋಡಿದರು, ನಮ್ಮನ್ನು ನೋಡಿದರು, ಯಾರಿಗೋ ಫೋನ್ ಮಾಡಿ ಆಗಲ್ಲ ಅನ್ನಿಸಿಕೊಂಡರು. ಕೊನೆಗೆ ಫಾರಮ್ಮಿನ ಮೂಲೆಗೆ ‘ಪರಿಶೀಲನೆಯಲ್ಲಿದೆ’ ಎಂದು ಮುದ್ರೆ ಒತ್ತಿದರು. ಪರಿಶೀಲನೆ ಮುಗಿಯುವವರೆಗೂ ವರ್ಗಾವಣೆಗೆ ತಡೆಯಂತೆ, ಸಂಬಂಧಪಟ್ಟವರು ಹಳೆಯ ಜಾಗದಲ್ಲೇ, ಅಂದರೆ ನಮ್ಮ ಲ್ಯಾಬಿನಲ್ಲೇ, ಇರಬೇಕಂತೆ.

"ಎಷ್ಟು ದಿನ ಆಗತ್ತೆ?" ಎಂದು ಕೇಳಿದೆ.

"ಹೇಗೆ ಹೇಳಲಿ? ಇದೇ ಥರದ್ದು ಇನ್ನೊಂದು ಫೈಲು ಒಂಬತ್ತು ವರ್ಷದಿಂದ ಪರಿಶೀಲನೆಯಲ್ಲೇ ಇದೆ."

ಕುಕ್ಕರಕ್ಕ ಬೆರಳು ಮಡಚಿ ಲೆಕ್ಕ ಹಾಕಿದರು. "ನನ್ನ ಸರ್ವೀಸ್ ಉಳಿದಿರೋದೇ ಆರು ವರ್ಷ. ನಿಧಾನಕ್ಕೆ ನೋಡಿ ಸಾರ್" ಎಂದು ಎದ್ದರು.